ಮೊದಲೇ ಬರೆದಿಟ್ಟ ಎಚ್ಚರಿಕೆ: ಕ್ಲೌಡ್ ಅಲಾರ್ಮ್‌ನ ವಾಕ್ಯರಚನೆ

ಭೀಮೆಗೆ 2020ರ ಅಕ್ಟೋಬರಿನಲ್ಲಿಯೂ ಸೀನಾ ನದಿಗೆ 2025ರ ಸೆಪ್ಟೆಂಬರಿನಲ್ಲಿಯೂ ಬಂದ ಮಹಾಪೂರಗಳನ್ನು ಸೊಲ್ಲಾಪುರ ಜಿಲ್ಲೆಯವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಈ ನದಿಗಳ ಮಟ್ಟವನ್ನು ಅಳೆಯುವ ಕೇಂದ್ರ ಜಲ ಆಯೋಗದ ಠಾಣೆಗಳು ನಮ್ಮ ಸುತ್ತಮುತ್ತಲೇ ಇವೆ: ಭೀಮೆಗೆ ಟಾಕಳಿಯಲ್ಲಿ, ಸೀನೆಗೆ ವಡಕಬಾಳದಲ್ಲಿ. ಪೂರದ ಮುನ್ಸೂಚನೆ ನೀಡುವಾಗ ಆಯೋಗವು ಎರಡು ಗೆರೆಗಳನ್ನು ಮುಖ್ಯವಾಗಿ ನೋಡುತ್ತದೆ. ಒಂದು ಎಚ್ಚರಿಕೆಯ ಮಟ್ಟ, ಇನ್ನೊಂದು ಅಪಾಯದ ಮಟ್ಟ. ನೀರು ಮೊದಲ ಗೆರೆ ಮುಟ್ಟಿದಾಗ ನದಿದಂಡೆಯ ರೈತನು ಪಂಪನ್ನು ಬಿಚ್ಚಿ ಮೇಲಕ್ಕೆ ತರಬೇಕು. ಎರಡನೆಯ ಗೆರೆ ಮುಟ್ಟುವ ಹೊತ್ತಿಗೆ ಪಂಪಿನ ಮಾತಿರಲಿ, ಮನೆಯನ್ನೇ ಬಿಡಬೇಕಾಗಬಹುದು. ಎರಡು ಗೆರೆಗಳ ನಡುವೆ ಸಿಗುವ ಕಾಲಾವಕಾಶದಲ್ಲಿಯೇ ಎಚ್ಚರಿಕೆಯ ಬೆಲೆಯೆಲ್ಲ ಅಡಗಿದೆ.

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ವ್ಯವಸ್ಥೆಯುಂಟು. ನಾವು ಬಳಸುವ ಜಾಲತಾಣಗಳು, ಫಲಿತಾಂಶದ ಪುಟಗಳು, ಬ್ಯಾಂಕಿನ ವ್ಯವಹಾರಗಳು ಎಲ್ಲೋ ದೂರದ ದತ್ತಾಂಶ ಕೇಂದ್ರಗಳಲ್ಲಿ ಬಾಡಿಗೆಗೆ ಪಡೆದ ಯಂತ್ರಗಳ ಮೇಲೆ ನಡೆಯುತ್ತವೆ. ಇದಕ್ಕೆ ಕ್ಲೌಡ್ ಎಂದು ಹೆಸರು. ಅಮೆಜಾನ್ ಸಂಸ್ಥೆಯ ಇಂಥ ಕೇಂದ್ರಗಳು ಮುಂಬಯಿಯಲ್ಲಿ 2016ರಿಂದ ಸೇವೆ ನೀಡುತ್ತಿವೆ. ಯಂತ್ರವು ಎಷ್ಟು ದಣಿದಿದೆ, ಎಷ್ಟು ಜನ ಪುಟ ಕೇಳಿದರು, ಎಷ್ಟು ಸಲ ಉತ್ತರ ತಪ್ಪಿತು ಎಂಬ ಅಂಕಿಗಳು ನಿಮಿಷ ನಿಮಿಷಕ್ಕೂ ದಾಖಲಾಗುತ್ತವೆ. ಈ ಅಳತೆಗೆ ಮೆಟ್ರಿಕ್ ಎನ್ನುವರು. 2009ರಲ್ಲಿ ಆರಂಭವಾದ ಕ್ಲೌಡ್‌ವಾಚ್ ಎಂಬ ಸೇವೆಯು ಇವುಗಳನ್ನು ಕೂಡಿಡುತ್ತದೆ. ಹೊರಗಿನ ಅಳತೆಯನ್ನೂ ಅದಕ್ಕೆ ಕಳಿಸಬಹುದು. ಸೇತುವೆಗೆ ಕಟ್ಟಿದ ಒಂದು ಸಂವೇದಕವು ಐದು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಕಳಿಸುತ್ತಿದೆ ಎಂದು ಊಹಿಸಿಕೊಳ್ಳೋಣ. ವಿವರಣೆಗೆ ಅದೇ ಸಾಕು. (ಇದು ಉದಾಹರಣೆಯಷ್ಟೆ. ಆಯೋಗದ ಮುನ್ಸೂಚನೆಗೆ ಇದು ಬದಲಿಯಲ್ಲ.)

ಹಗಲಿರುಳೂ ಅಂಕಿಯ ಮುಂದೆ ಒಬ್ಬರನ್ನು ಕೂರಿಸಲಾಗದು. ಆದ್ದರಿಂದ ಅಲಾರ್ಮ್. ಅಲಾರ್ಮ್ ಎಂದರೆ ಮೂಲತಃ ಒಂದು ಪಕ್ಷಾರ್ಥಕ ವಾಕ್ಯ: ‘ಮಟ್ಟವು ಮಿತಿಯನ್ನು ಮೀರಿದರೆ ಇಂಥವರಿಗೆ ತಿಳಿಸು.’ ಆಡುಮಾತಿನಲ್ಲಿ ಇಷ್ಟು ಸಾಕು, ಕೇಳುವವನು ಉಳಿದುದನ್ನು ತಾನೇ ತುಂಬಿಕೊಳ್ಳುತ್ತಾನೆ. ಯಂತ್ರ ತುಂಬಿಕೊಳ್ಳುವುದಿಲ್ಲ. ಪೈಥಾನ್ ಭಾಷೆಯಲ್ಲಿ ‘ಪುಟ್ ಮೆಟ್ರಿಕ್ ಅಲಾರ್ಮ್’ ಎಂಬ ಆಜ್ಞೆಯನ್ನು ಬರೆಯುವಾಗ ಒಂದೊಂದು ಪದವನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಯಾವ ಅಳತೆ? ಸರಾಸರಿಯೋ, ಗರಿಷ್ಠವೋ, ಮೊತ್ತವೋ? ಮಿತಿ ಎಷ್ಟು? ‘ಮೀರಿದರೆ’ ಎಂದರೆ ಮಿತಿಗೆ ಸಮವಾದದ್ದೂ ಸೇರಿತೇ, ಇಲ್ಲವೇ? ನಾವು ವ್ಯಾಕರಣದಲ್ಲಿ ಕಾರಕಗಳನ್ನು ಗುರುತಿಸುವಷ್ಟೇ ಎಚ್ಚರದಿಂದ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

‘ಎಷ್ಟು ಹೊತ್ತು’ ಎಂಬ ಪ್ರಶ್ನೆ ಇವುಗಳಲ್ಲಿ ಸೂಕ್ಷ್ಮವಾದುದು. ಹೊಳೆಯಲ್ಲಿ ತೇಲಿಬಂದ ಮರದ ದಿಮ್ಮಿಯೊಂದು ಸಂವೇದಕದ ಕೆಳಗೆ ಹಾದರೆ ಒಂದು ಕ್ಷಣ ಮಟ್ಟ ಏರಿದಂತೆ ಕಂಡೀತು. ಅದಕ್ಕೇ ಊರನ್ನೆಲ್ಲ ಎಬ್ಬಿಸಿದರೆ ಮರುಸಲ ಯಾರೂ ಏಳುವುದಿಲ್ಲ. ‘ತೋಳ ಬಂತು ತೋಳ’ ಎಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಆದ್ದರಿಂದ 300 ಸೆಕೆಂಡುಗಳ ಅವಧಿ, ಅಂಥ ಮೂರು ಅವಧಿಗಳಲ್ಲಿ ಎರಡರಲ್ಲಾದರೂ ಮಿತಿ ಮೀರಿರಬೇಕು ಎಂದು ಬರೆಯುವುದು ವಾಡಿಕೆ. ಈ ಅವಧಿಯನ್ನು ತೀರ ಹಿಗ್ಗಿಸಿದರೆ ಸುಳ್ಳು ಎಚ್ಚರಿಕೆ ತಪ್ಪುತ್ತದೆ, ಆದರೆ ನಿಜವಾದ ಎಚ್ಚರಿಕೆ ತಡವಾಗುತ್ತದೆ. ಎಷ್ಟು ನಿಮಿಷ ತಡೆದುಕೊಳ್ಳಬಹುದೆಂಬುದನ್ನು ಗಣಕತಜ್ಞನು ಹೇಳಲಾರ. ಪಂಪು ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಬಲ್ಲ ರೈತನನ್ನೇ ಕೇಳಬೇಕು.

ನನ್ನ ದೃಷ್ಟಿಯಲ್ಲಿ ಇಡೀ ವಾಕ್ಯದ ಜೀವ ಇರುವುದು ಮತ್ತೊಂದು ಪದದಲ್ಲಿ. ಅಂಕಿಯೇ ಬಾರದಿದ್ದರೆ ಏನೆಂದು ತಿಳಿಯಬೇಕು? ಅಲಾರ್ಮ್‌ಗೆ ಮೂರು ಸ್ಥಿತಿಗಳಿವೆ: ಕ್ಷೇಮ, ಎಚ್ಚರಿಕೆ, ಮಾಹಿತಿ ಸಾಲದು. ನಾವು ಏನೂ ಹೇಳದಿದ್ದರೆ, ಅಂಕಿ ನಿಂತಾಗ ಅದು ಮೂರನೆಯ ಸ್ಥಿತಿಗೆ ಹೋಗುತ್ತದೆ. ‘ಮಾಹಿತಿ ಸಾಲದು’ ಎಂಬ ಸ್ಥಿತಿಗೆ ಪ್ರತ್ಯೇಕ ಸೂಚನೆಯನ್ನು ನಾವು ಬರೆದಿಲ್ಲವಾದರೆ ಯಾರಿಗೂ ಸುದ್ದಿ ಹೋಗದು. ಹೊಳೆ ಉಕ್ಕುವ ರಾತ್ರಿಯೇ ವಿದ್ಯುತ್ತು ಹೋಗುವುದು, ಮೊಬೈಲ್ ಗೋಪುರ ಸ್ತಬ್ಧವಾಗುವುದು, ಸಂವೇದಕವೇ ಕೊಚ್ಚಿಹೋಗುವುದು. ಆಗ ಮೌನವನ್ನು ಕ್ಷೇಮವೆಂದು ಎಣಿಸುವುದು ದೊಡ್ಡ ಪ್ರಮಾದ. ಕ್ಲೌಡ್‌ವಾಚ್‌ನಲ್ಲಿ ಇದಕ್ಕೆ ನಾಲ್ಕು ಆಯ್ಕೆಗಳಿವೆ. ಬಾರದ ಅಂಕಿಯನ್ನು ಮಿತಿ ಮೀರಿದ್ದೆಂದೇ ಗಣಿಸು ಎಂಬುದು ಅವುಗಳಲ್ಲೊಂದು. ನದಿಯ ವಿಷಯದಲ್ಲಿ ನಾನು ಅದನ್ನೇ ಆರಿಸುವೆ. ತಪ್ಪುಗಳನ್ನು ಎಣಿಸುವ ಅಳತೆಯಾದರೆ ಮಾತು ಬೇರೆ: ತಪ್ಪು ನಡೆದಾಗಷ್ಟೆ ಅಂಕಿ ಬರುವಂತಿದ್ದರೆ, ಅಲ್ಲಿ ಮೌನವೇ ಕ್ಷೇಮ.

ಇವನ್ನೆಲ್ಲ ಪರದೆಯ ಮೇಲಿನ ಗುಂಡಿಗಳನ್ನು ಒತ್ತಿಯೂ ಮಾಡಬಹುದು. ಹಾಗಿದ್ದೂ ಕೋಡ್ ಬರೆಯುವುದೇಕೆ? ಗುಂಡಿ ಒತ್ತಿದವನ ಆಲೋಚನೆ ಅವನ ತಲೆಯಲ್ಲಿಯೇ ಉಳಿಯುತ್ತದೆ. ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಬಹುದು, ಯಾವಾಗ ಯಾರು ಮಿತಿಯನ್ನು ಬದಲಿಸಿದರೆಂದು ಹಿಂತಿರುಗಿ ನೋಡಬಹುದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಗುರುತಿಸಿದವರಿಗೆ ಇದರ ಉಪಯೋಗ ಬೇರೆ ಹೇಳಬೇಕಿಲ್ಲ. ಹತ್ತು ಸೇತುವೆಗಳಿದ್ದರೆ ಒಂದೇ ವಾಕ್ಯವನ್ನು ಹೆಸರು ಮತ್ತು ಮಿತಿ ಬದಲಿಸಿ ಹತ್ತು ಸಲ ಓಡಿಸಿದರಾಯಿತು. ಒಂದು ಜೋಕೆ ಮಾತ್ರ ಅಗತ್ಯ: ಇರುವ ಹೆಸರಿನಲ್ಲಿಯೇ ಮತ್ತೆ ಆಜ್ಞೆ ಕೊಟ್ಟರೆ ಹಳೆಯ ವಾಕ್ಯ ಪೂರ್ತಿ ಅಳಿದು ಹೊಸದು ಕೂರುತ್ತದೆ, ಅರ್ಧ ಬರೆದರೆ ಹಳೆಯದರ ಉಳಿದರ್ಧ ಉಳಿಯುವುದಿಲ್ಲ. ‘ಸೆಟ್ ಅಲಾರ್ಮ್ ಸ್ಟೇಟ್’ ಎಂಬ ಆಜ್ಞೆಯಿಂದ ಪೂರವಿಲ್ಲದ ದಿನವೂ ತಾತ್ಕಾಲಿಕವಾಗಿ ಎಚ್ಚರಿಕೆಯ ಸ್ಥಿತಿ ತಂದು, ಸಂದೇಶ ಮುಟ್ಟುವುದೇ ಎಂದು ಪರೀಕ್ಷಿಸಬಹುದು. ಇಮೇಲ್ ಮೂಲಕ ತಿಳಿಸುವುದಾದರೆ ಪಡೆಯುವವರು ಮೊದಲೊಮ್ಮೆ ಒಪ್ಪಿಗೆಯ ಕೊಂಡಿಯನ್ನು ಒತ್ತಿರಬೇಕು. ಅದಿಲ್ಲದೆ ಏನೂ ತಲುಪದು.

ಇನ್ನು ಸಂದೇಶದ ಭಾಷೆ. ಕಂದಲಗಾಂವದಂಥ ದಕ್ಷಿಣ ಸೊಲ್ಲಾಪುರದ ಊರುಗಳಲ್ಲಿ, ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ ಅನೇಕ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಯಂತ್ರದ ಮಾತು ಇಂಗ್ಲಿಷು. ಅಲಾರ್ಮ್ ತಾನಾಗಿ ಕಳಿಸುವ ಒಕ್ಕಣೆಯೂ ಇಂಗ್ಲಿಷೇ. ನಡುವೆ ಲ್ಯಾಂಬ್ಡಾ ಎಂಬ ಸೇವೆಯಲ್ಲಿ ಪುಟ್ಟ ಪ್ರೋಗ್ರಾಮ್ ಒಂದನ್ನಿಟ್ಟು ನಮ್ಮ ಒಕ್ಕಣೆಯನ್ನು ಕಳಿಸಬೇಕು. ಎಸ್ಸೆಮ್ಮೆಸ್ಸಿನ ಒಂದು ಕಂತಿನಲ್ಲಿ ಇಂಗ್ಲಿಷಿಗೆ 160 ಸ್ಥಾನಗಳಿದ್ದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಸ್ಥಾನ. ‘ಏರುತ್ತಿದೆ’ ಎಂಬಲ್ಲಿ ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಒಂಬತ್ತು. ಹೀಗಿರುವಾಗ ‘ಸಾರ್ವಜನಿಕರಲ್ಲಿ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ತೊಡಗಿದರೆ ನದಿಯ ಹೆಸರು ಬರುವ ಮುನ್ನವೇ ಅರ್ಧಕ್ಕಿಂತ ಹೆಚ್ಚು ಜಾಗ ಮುಗಿದಿರುತ್ತದೆ. ‘ಸೀನಾ ನೀರು ಏರುತ್ತಿದೆ. ಪಂಪು, ದನ ಮೇಲೆ ಸಾಗಿಸಿ. ವಡಕಬಾಳ ಸೇತುವೆ ದಾಟಬೇಡಿ.’ ಇದು ಬಿಡುವು, ಚಿಹ್ನೆಗಳೂ ಸೇರಿ 65 ಸ್ಥಾನಗಳಲ್ಲಿ ಮುಗಿಯುತ್ತದೆ. ನಮ್ಮ ದೇಶದ ದೂರಸಂಪರ್ಕ ನಿಯಮದಂತೆ ಇಂಥ ಸಾಮೂಹಿಕ ಸಂದೇಶದ ಮಾದರಿಯನ್ನು ಮುಂಚಿತವಾಗಿ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ನೀರು ಏರಿದ ಮೇಲೆ ಕುಳಿತು ಬರೆಯುವ ಅವಕಾಶವಿಲ್ಲ. ಕನ್ನಡ ಬಲ್ಲವರ ಕೆಲಸ ಇರುವುದು ಬೇಸಗೆಯಲ್ಲಿ.

ಅಲಾರ್ಮ್ ತನ್ನ ಸ್ಥಿತಿ ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತದೆ. ಎಚ್ಚರಿಕೆಯ ಸ್ಥಿತಿಯಲ್ಲಿಯೇ ಇಡೀ ದಿನ ಇದ್ದರೂ ಮತ್ತೆ ಮತ್ತೆ ಕೂಗುವುದಿಲ್ಲ. ಆದ್ದರಿಂದ ಕ್ಷೇಮಕ್ಕೆ ಮರಳಿದಾಗ ಹೋಗುವ ಎರಡನೆಯ ಸಂದೇಶವನ್ನೂ ಬರೆದಿಡಬೇಕು. ಅಲ್ಲಿ ‘ಸೇತುವೆ ದಾಟಬಹುದು’ ಎಂದು ಬರೆಯಲಾಗದು. ನೀರು ಇಳಿದುದನ್ನಷ್ಟೆ ಸಂವೇದಕ ಬಲ್ಲದು, ಸೇತುವೆಯ ಗಟ್ಟಿತನವನ್ನಲ್ಲ.