ನಲ್ಲಮಲ ಏರುವ ಮೊದಲು ಆದೋನಿ ದಾಟಬೇಕು

ಟ್ರೆಕ್ಕಿಂಗ್ ಎಂದರೆ ಬೆನ್ನಿಗೊಂದು ದೊಡ್ಡ ಚೀಲ, ಕಾಲಿಗೆ ದುಬಾರಿ ಬೂಟು, ಹಿಮಾಲಯದಲ್ಲೊಂದು ಫೋಟೊ ಎಂದುಕೊಂಡವರೇ ಹೆಚ್ಚು. ಯುಗಾದಿ ಹತ್ತಿರವಾದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ, ರಾಯಚೂರು ಸೀಮೆಯಿಂದ ಶ್ರೀಶೈಲ ಮಲ್ಲಯ್ಯನ ಬಳಿಗೆ ನಡೆದು ಹೊರಡುವ ಸಾವಿರಾರು ಜನರನ್ನು ಈ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಅವರದು ನೂರಾರು ಕಿಲೋಮೀಟರ್ ನಡಿಗೆ. ಅದರಲ್ಲಿ ಕೊನೆಯ ಸುಮಾರು 40 ಕಿಲೋಮೀಟರ್ ಹುಲಿ ತಿರುಗುವ ನಲ್ಲಮಲ ಕಾಡು. ಹೆಗಲ ಮೇಲೆ ಕಂಬಿ ಹೊತ್ತವರಿದ್ದಾರೆ, ಬರಿಗಾಲಲ್ಲಿ ಬರುವವರಿದ್ದಾರೆ, ಹರಕೆಗೆಂದು ಮರಗಾಲು ಕಟ್ಟಿಕೊಂಡವರೂ ಇದ್ದಾರೆ. ಯಾವ ತರಬೇತಿಯೂ ಇಲ್ಲದ ರೈತರು, ಕೂಲಿಕಾರರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಇಷ್ಟು ದೂರವನ್ನು ಮುಗಿಸುವುದು ಹೇಗೆ? ಭಕ್ತಿ ಎನ್ನುವುದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ಬೆಟ್ಟದಲ್ಲಿ ಹುಡುಕಬಾರದು, ಕರ್ನೂಲು ಜಿಲ್ಲೆಯ ಪಶ್ಚಿಮದ ಬಯಲಿನಲ್ಲಿ ಹುಡುಕಬೇಕು.

ಸಿರುಗುಪ್ಪದ ಕಡೆಯಿಂದ ಬಂದವರಿಗೆ ಮೊದಲು ಆದೋನಿ, ಆಮೇಲೆ ಎಮ್ಮಿಗನೂರು, ಅಲ್ಲಿಂದ ಕರ್ನೂಲು. ಆದೋನಿಯಿಂದ ಕರ್ನೂಲಿಗೇ ಹತ್ತಿರ ಹತ್ತಿರ 100 ಕಿಲೋಮೀಟರ್. ಮಳೆ ಕಡಿಮೆ ಬೀಳುವ ಎರೆನೆಲ. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ನೆರಳೆಂಬುದೇ ಇಲ್ಲ, ಯುಗಾದಿಯ ಹೊತ್ತಿಗೆ ಬಿಸಿಲು 40 ಡಿಗ್ರಿಯ ಆಸುಪಾಸು. ನಸುಕಿನಲ್ಲೆದ್ದು ಬಿಸಿಲೇರುವ ತನಕ ನಡೆ, ಹೊತ್ತು ಇಳಿದ ಮೇಲೆ ಮತ್ತೆ ನಡೆ. ನಡುವಿನ ಹೊತ್ತು ನೀರು, ನೆರಳು ಎಲ್ಲಿದೆಯೋ ಅಲ್ಲಿ. ಆ ನೀರು ನೆರಳನ್ನು ಒದಗಿಸುವವರು ದಾರಿಯ ಊರಿನವರು. ರಸ್ತೆ ಬದಿಯ ಪೆಂಡಾಲಿನಲ್ಲಿ ಮಜ್ಜಿಗೆ, ಕಲ್ಲಂಗಡಿ ಹೋಳು, ಅನ್ನ ಸಾರು. ಪಕ್ಕದಲ್ಲೊಬ್ಬ ಅಪರಿಚಿತರ ಪಾದವನ್ನು ಬಿಸಿನೀರಲ್ಲಿ ತೊಳೆದು, ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿರುತ್ತಾನೆ. ಇದನ್ನು ಬರೀ ಪುಣ್ಯದ ಕೆಲಸ ಎಂದು ಬಿಡುವಂತಿಲ್ಲ. ದೂರದ ನಡಿಗೆಯಲ್ಲಿ ಮೊದಲು ಸೋಲುವುದು ಅಂಗಾಲು, ಆಮೇಲೆ ಹೊಟ್ಟೆ. ಎರಡನ್ನೂ ಊರೂರಿನವರು ನೋಡಿಕೊಳ್ಳುವುದರಿಂದ ನಡೆಯುವವನು ಹೊರೆಯಿಲ್ಲದೆ ನಡೆಯಬಲ್ಲ. ಭಾಷೆಯ ತೊಡಕೂ ಇಲ್ಲಿ ಕಡಿಮೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೂ ಬಳ್ಳಾರಿ ಜಿಲ್ಲೆಯವೇ. ಮನೆಯಲ್ಲಿ ಇಂದಿಗೂ ಕನ್ನಡವಾಡುವ ಕುಟುಂಬಗಳು ಅಲ್ಲಿವೆ. ‘ಯಕ್ಕಾ, ತಲಿ ತಿರಗಾಕ ಹತ್ತೇತಿ’ ಎಂದರೆ ತಿಳಿಯುವವರು ಸಿಗುವುದು ಸಣ್ಣ ಅನುಕೂಲವಲ್ಲ.

ಆತ್ಮಕೂರು ದಾಟಿ ವೆಂಕಟಾಪುರ ಬಿಟ್ಟರೆ ಊರುಗಳ ಆಸರೆ ಮುಗಿಯಿತು. ನಾಗಲೂಟಿಯ ವೀರಭದ್ರನ ಗುಡಿ, ಚೆಂಚು ಬುಡಕಟ್ಟಿನವರ ಪೆಚ್ಚೆರುವು, ಭೀಮುನಿ ಕೊಳನು, ಕೈಲಾಸದ್ವಾರ. ಕಲ್ಲುದಾರಿ, ಕಡಿದಾದ ಇಳಿಜಾರು, ಉಸಿರು ಕಟ್ಟಿಸುವ ಮೆಟ್ಟಿಲು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ಪ್ರೋಲಯ ವೇಮಾರೆಡ್ಡಿಯದು. ಅಷ್ಟು ಹಿಂದೆಯೇ ರಾಜನೊಬ್ಬ ಇಲ್ಲಿ ನಡೆಯುವವರಿಗಾಗಿ ಖರ್ಚು ಮಾಡಿದ್ದ. ಬಯಲಲ್ಲೇ ಕಾಲು ಒಡೆದುಕೊಂಡವನು ಈ ಮೆಟ್ಟಿಲು ಹತ್ತಲಾರ.

ಇದು ಯಾತ್ರೆ, ಇದನ್ನು ಟ್ರೆಕ್ಕಿಂಗ್ ಜೊತೆ ಕಟ್ಟಬೇಡಿ ಎನ್ನುವವರಿದ್ದಾರೆ. ಉದ್ದೇಶ ಬೇರೆ, ಒಪ್ಪೋಣ. ಆದರೆ ಜಪಾನಿನ ಶಿಕೊಕು ದ್ವೀಪದ 88 ಗುಡಿಗಳ ಸುತ್ತು ದಾರಿಯಲ್ಲಿ ಭಕ್ತರೂ ಬರೀ ನಡೆಯಲು ಬಂದವರೂ ಒಟ್ಟಿಗೇ ಸಾಗುತ್ತಾರೆ, ಊರವರು ಇಬ್ಬರಿಗೂ ಹಣ್ಣು, ಚಹಾ ಕೊಡುತ್ತಾರೆ. ಚೀಲಗಳೆಲ್ಲ ಟ್ರ್ಯಾಕ್ಟರಿನಲ್ಲಿ ಬರುವಾಗ ಇದೇನು ಸಾಹಸ ಎಂಬ ಕೊಂಕೂ ಇದೆ. ಎವರೆಸ್ಟ್ ಹತ್ತುವವರ ಹೊರೆಯನ್ನು ಶೆರ್ಪಾಗಳು ಹೊರುತ್ತಾರಲ್ಲ!

ಗಟ್ಟಿಯಾದ ಆಕ್ಷೇಪ ಕಾಡಿನದು. ಈ ದಾರಿ ಹಾಯುವ ನಾಗಾರ್ಜುನಸಾಗರ–ಶ್ರೀಶೈಲ ವಿಸ್ತೀರ್ಣದಲ್ಲಿ ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶ. 1983ರಲ್ಲೇ ಹುಲಿ ಯೋಜನೆಗೆ ಸೇರಿದ್ದು. ಅಲ್ಲಿ ಸಾವಿರಾರು ಜನ ನುಗ್ಗಿದರೆ ಕಸ, ಬೆಂಕಿ, ಗದ್ದಲ ತಪ್ಪಿದ್ದಲ್ಲ. ದಾರಿಯನ್ನೇ ಮುಚ್ಚುವುದು ಮಾತ್ರ ಇದಕ್ಕೆ ಮದ್ದಲ್ಲ. ಮಲ್ಲಯ್ಯನನ್ನು ಅಳಿಯನೆನ್ನುವ ಚೆಂಚುಗಳ ಕಾಡಿಗೆ ಮನುಷ್ಯರ ಕಾಲು ಹೊಸದಲ್ಲ. ಅರಣ್ಯ ಇಲಾಖೆ ಹಬ್ಬದ ಕೆಲವೇ ದಿನ ದಾರಿ ತೆರೆಯುವುದು ಸರಿಯಾದ ಕ್ರಮ, ಅದು ಸಡಿಲವಾಗಬಾರದು. ಆದರೆ ಕಾಡಿಗೆ ಬೀಳುವ ಪ್ಲಾಸ್ಟಿಕ್ಕಿನಲ್ಲಿ ಒಂದು ಪಾಲು ಬಯಲಿನ ದಾಸೋಹದಿಂದಲೇ ಚೀಲ ಸೇರಿದ್ದಿರುತ್ತದೆ. ನೀರಿನ ಪ್ಯಾಕೆಟ್ ಹಂಚುವವರು ಅದರ ಬದಲು ಕೊಡಪಾನ, ಸ್ಟೀಲ್ ಲೋಟ ಇಟ್ಟರೆ ಸಾಕು. ಹೊರಡುವವರು ಒಂದು ತಂಬಿಗೆ ಜೊತೆಗಿಟ್ಟುಕೊಳ್ಳಿ. ಸೈಕಲ್ಲಿನಲ್ಲಿ ಹೋಗಬಯಸುವವರು ಕಾಲುದಾರಿಯ ಆಸೆ ಬಿಟ್ಟು ಆತ್ಮಕೂರಿನಿಂದ ದೋರ್ನಾಲ ಮೇಲೆ ಘಾಟಿ ರಸ್ತೆ ಹಿಡಿಯಿರಿ. ಅಲ್ಲಿ ರಾತ್ರಿ ಸಂಚಾರಕ್ಕೆ ತಡೆಯಿದೆ, ಆದ್ದರಿಂದ ಬೆಳಕಿರುವಾಗಲೇ ಘಾಟಿ ದಾಟುವಂತೆ ಹೊರಡಿ.