ಮೋಟಾರಿನ ಬಿಳಿಯ ಉಸಿರು

ಪುಷ್ಯಮಾಸದ ಮುಂಜಾವಿನಲ್ಲಿ ಮಡಿಕೇರಿಯ ಬೀದಿಯಲ್ಲಿ ನಿಂತರೆ, ಆಗತಾನೆ ಹೊರಟ ಕಾರಿನ ಹಿಂಗೊಳವೆಯಿಂದ ಬೆಳ್ಳನೆಯ ಹೊಗೆಯಂಥದು ಹೊಮ್ಮುವುದನ್ನು ನಾವು ಕಾಣುತ್ತೇವೆ. ಅದು ಹೊಗೆಯಲ್ಲ, ನೀರು! ಪೆಟ್ರೋಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸಂಯೋಗಹೊಂದಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರೂ ಹೆಚ್ಚುಕಡಮೆ ಒಂದು ಲೀಟರೇ ಎಂದಾಗ ನಮ್ಮ ವಿದ್ಯಾರ್ಥಿಗಳು ನಗುವುದುಂಟು. ಬಿಸಿಯಾದ ಅನಿಲದಲ್ಲಿ ಈ ನೀರು ಕಣ್ಣಿಗೆ ಕಾಣದ ಆವಿ. 30 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ಘನಮೀಟರ್ ಗಾಳಿಯು ಸುಮಾರು 30 ಗ್ರಾಂ ಆವಿಯನ್ನು ಧರಿಸಬಲ್ಲುದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ಮಿಕ್ಕದ್ದು ಹನಿಗಟ್ಟಿ ಬೆಳ್ಳಗೆ ತೋರುತ್ತದೆ, ನಮ್ಮ ಬಾಯುಸಿರಿನಂತೆ. ಹೊರಗಾಳಿಯಲ್ಲಿ ಹರಡಿದಂತೆಲ್ಲ ಮತ್ತೆ ಆವಿಯಾಗಿ ಮಾಯವಾಗುತ್ತದೆ. ಆದರೆ ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ, ಏನನ್ನೂ ಕಾಣದೆಯೇ ಪ್ರಾಣ ಕಳೆದುಕೊಂಡವರುಂಟು.