ಮೊಣಕಾಲಿನ ಶಸ್ತ್ರಕ್ರಿಯೆಯೂ ಮುಂದಿನ ಮೂರು ತಿಂಗಳೂ

ಗುರುಮಠಕಲ್ ಸೀಮೆಯ ಯಾವ ಹಳ್ಳಿಗೆ ಹೋದರೂ ಐವತ್ತು ದಾಟಿದ ತಾಯಂದಿರ ಬಾಯಿಂದ ಬರುವ ಮೊದಲನೆಯ ದೂರು ಮೊಣಕಾಲಿನದು. ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಕೈ ತೊಡೆಗೆ. ಕುಕ್ಕರಗಾಲಿನಲ್ಲಿ ಕುಳಿತು ಹೊಲದ ಕಸ ತೆಗೆದು, ಹತ್ತಿ ಬಿಡಿಸಿ, ಶೇಂಗಾ ಕಿತ್ತು, ನೀರಿನ ಕೊಡ ಹೊತ್ತು ಮೂವತ್ತು ನಾಲ್ವತ್ತು ವರ್ಷ ದುಡಿದ ಕಾಲುಗಳು ಅವು. ಎಣ್ಣೆ ತಿಕ್ಕುವದು, ಗುಳಿಗೆ ನುಂಗುವದು, ಕೊನೆಗೆ ಮೂಲೆ ಹಿಡಿಯುವದು. ಹಿಂದಿನವರಿಗೆ ಇದರಾಚೆಗೆ ದಾರಿಯಿರಲಿಲ್ಲ. ಇಂದು ಸವೆದ ಕೀಲನ್ನು ತೆಗೆದು ಲೋಹದ ಕೀಲನ್ನು ಕೂಡಿಸುವ ವಿದ್ಯೆ ಬಂದಿದೆ. ಮಕ್ಕಳು ಸಾಲ ಮಾಡಿಯೋ ವಿಮೆಯ ಕಾರ್ಡು ಹಿಡಿದೋ ತಾಯಿಯನ್ನು ಕಲಬುರಗಿಗೆ, ರಾಯಚೂರಿಗೆ, ಗಡಿ ದಾಟಿ ಹೈದರಾಬಾದಿಗೆ ಕರೆದೊಯ್ಯುತ್ತಾರೆ. ಯಾವ ಡಾಕ್ಟರು, ಎಷ್ಟು ಖರ್ಚು ಎಂಬ ಮಾತು ಊರೆಲ್ಲ ನಡೆಯುವದು. ಮನೆಗೆ ಬಂದ ಮೇಲಿನ ಮೂರು ತಿಂಗಳ ಮಾತನ್ನು ಮಾತ್ರ ಯಾರೂ ತೆಗೆಯುವದಿಲ್ಲ. ಆದರೆ ಆ ತಾಯಿ ತನ್ನ ಕಾಲ ಮೇಲೆ ತಾನು ನಡೆಯುವಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಣಯವಾಗುವದು ಆ ಮೂರು ತಿಂಗಳಲ್ಲಿಯೇ. ಈ ಸಂಗತಿಯನ್ನು ವಾಚಕರ ಮುಂದಿಡುವದು ಇಂದಿನ ಲೇಖನದ ಉದ್ದೇಶ.

ಮೊದಲು ಈ ವಿದ್ಯೆಯ ಪರಿಚಯ. ಮೊಣಕಾಲಿನಲ್ಲಿ ಎಲುಬುಗಳು ಕೂಡುವ ತುದಿಗಳ ಮೇಲೆ ನುಣುಪಾದ ಮೆದು ಎಲುಬಿನ ಹೊದಿಕೆಯಿರುವದು. ಅದು ಸವೆದಾಗ ಎಲುಬಿಗೆ ಎಲುಬು ತಿಕ್ಕಿ ನೋವು ಹುಟ್ಟುವದು, ಕಾಲು ಬಾಗುವದು. ಶಸ್ತ್ರವೈದ್ಯನು ಸವೆದ ತುದಿಗಳನ್ನು ತೆಳುವಾಗಿ ಕೊಯ್ದು, ಮೇಲೆ ಲೋಹದ ಹೊದಿಕೆಯನ್ನೂ ಕೆಳಗೆ ಲೋಹದ ತಟ್ಟೆಯನ್ನೂ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನೂ ಕೂಡಿಸುವನು. 1968ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಂಕ್ ಗನ್‌ಸ್ಟನ್ನನು ಆಧುನಿಕ ರೀತಿಯ ಕೀಲನ್ನು ಕೂಡಿಸಿದನು. 1974ರಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲನೂ ಅವನ ಸಂಗಡಿಗರೂ ರೂಪಿಸಿದ ಕೀಲಿನ ಸಂತತಿಯೇ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವದು. ನಮ್ಮ ದೇಶದ ಜನಸಾಮಾನ್ಯರಿಗೆ ಈ ಶಸ್ತ್ರಕ್ರಿಯೆಯ ಹೆಸರು ಪರಿಚಯವಾದದ್ದು ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರ ನಿಮಿತ್ತದಿಂದ. 2000ದ ಅಕ್ಟೋಬರದಲ್ಲಿ ಅವರ ಎಡ ಮೊಣಕಾಲು, 2001ರ ಜೂನದಲ್ಲಿ ಬಲ ಮೊಣಕಾಲು ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ ರಣಾವತರ ಕೈಯಿಂದ ಬದಲಾದವು. ಎಪ್ಪತ್ತೈದರ ಹಿರಿಯರು ಮತ್ತೆ ಎದ್ದು ರಾಜ್ಯಭಾರ ನಡೆಸಿದರು. ಆದರೆ ಪ್ರಧಾನಿಯ ಮನೆಬಾಗಿಲಿಗೆ ವೈದ್ಯರೂ ಚಿಕಿತ್ಸಕರೂ ತಾವಾಗಿ ಬರುವರು; ಗುರುಮಠಕಲ್ಲಿನ ಒಕ್ಕಲಗಿತ್ತಿಯ ಬಾಗಿಲಿಗೆ ಬರುವವರಾರು?

ಹಣದ ಭಾರವು ಹಿಂದಿಗಿಂತ ಇಳಿದಿರುವದು ನಿಜ. 2017ರ ಆಗಸ್ಟದಲ್ಲಿ, ನಮ್ಮ ನಾಡಿನವರೇ ಆದ ಅನಂತಕುಮಾರರು ಕೇಂದ್ರ ಸಚಿವರಾಗಿದ್ದಾಗ, ಸರಕಾರವು ಮೊಣಕಾಲಿನ ಕೀಲುಗಳಿಗೆ ಬೆಲೆಯ ಮಿತಿಯನ್ನು ಕಟ್ಟಿತು. ಸರಾಸರಿ 1,58,324 ರೂಪಾಯಿಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್-ಕ್ರೋಮಿಯಮ್ ಕೀಲಿಗೆ ತೆರಿಗೆಯ ಹೊರತು 54,720 ರೂಪಾಯಿ ನಿಶ್ಚಯವಾಯಿತು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಭಾರ ಹೊರುವ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯೂ 2018ರಲ್ಲಿ ಬಂದಿತು. ಮೊಣಕಾಲಿನ ಶಸ್ತ್ರಕ್ರಿಯೆ ಅದರಲ್ಲಿ ಯಾವ ನಿಬಂಧನೆಗಳ ಮೇಲೆ ದೊರೆಯುವದೆಂಬುದನ್ನು ಸಾಲಕ್ಕೆ ಕೈ ಚಾಚುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು. ಆದರೆ ಕೀಲಿನ ಬೆಲೆ ಇಳಿಸಿದ ಮಾತ್ರಕ್ಕೆ ಕಾಲು ನಡೆಯುವದಿಲ್ಲ. ಕಾಲನ್ನು ನಡೆಸುವದು ಸ್ನಾಯು. ಸ್ನಾಯುವನ್ನು ಎಬ್ಬಿಸುವದು ವ್ಯಾಯಾಮ.

ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾದ ದಿನವೇ, ಇಲ್ಲವೆ ಮರುದಿನ, ರೋಗಿಯನ್ನು ವಾಕರ್ ಹಿಡಿಸಿ ನಿಲ್ಲಿಸುವರು. ಫಿಜಿಯೋಥೆರಪಿಸ್ಟ್ ಎನ್ನಿಸಿಕೊಳ್ಳುವ ವ್ಯಾಯಾಮ ಚಿಕಿತ್ಸಕನು ಬಂದು ಪಾದವನ್ನು ಮೇಲೆ ಕೆಳಗೆ ಆಡಿಸುವದು, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವದು, ಕಾಲನ್ನು ನೆಟ್ಟಗೆ ಎತ್ತುವದು, ಮಂಚದ ಅಂಚಿಗೆ ಕುಳಿತು ಮೊಣಕಾಲನ್ನು ಮಡಚುವದು ಇವುಗಳನ್ನು ಕಲಿಸುವನು. ಕೆಲವೇ ದಿನಗಳಲ್ಲಿ ರೋಗಿಯನ್ನು ಮನೆಗೆ ಕಳಿಸುವರು. ಹೊಲಿಗೆ ಬಿಚ್ಚುವದು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ. ಮೊದಲ ಕೆಲವು ವಾರಗಳಲ್ಲಿ ಮೊಣಕಾಲು ಪೂರ್ಣ ನೆಟ್ಟಗಾಗಬೇಕು ಮತ್ತು 90 ಡಿಗ್ರಿಯಷ್ಟಾದರೂ ಮಡಚಬೇಕು. ಕುರ್ಚಿಯಿಂದ ಸಲೀಸಾಗಿ ಏಳುವದಕ್ಕೂ ಮೆಟ್ಟಿಲೇರುವದಕ್ಕೂ ಇಷ್ಟು ಮಡಚು ಅವಶ್ಯ. ಬಹುಜನರು ಆರು ವಾರದ ಸುಮಾರಿಗೆ ಕೋಲನ್ನು ಬಿಡುವರು, ಮೂರು ತಿಂಗಳಿಗೆ ಮನೆಗೆಲಸಕ್ಕೆ ಮರಳುವರು. ಬಾವು ಪೂರ್ಣ ಇಳಿಯಲು ತಿಂಗಳುಗಳೇ ಬೇಕು. ಕಾಲಿನ ಬಲವು ಒಂದು ವರ್ಷದವರೆಗೂ ಹೆಚ್ಚುತ್ತ ಹೋಗುವದು. ಗಾಯದ ಮಗ್ಗುಲಲ್ಲಿ ಚರ್ಮ ಜೋಮು ಹಿಡಿದಂತಿರುವದೂ ಮೊಣಕಾಲು ಬೆಚ್ಚಗಿರುವದೂ ಸಾಧಾರಣವೇ, ಅದಕ್ಕೆ ಅಂಜತಕ್ಕದ್ದಿಲ್ಲ.

ಇಲ್ಲಿಯೇ ನಮ್ಮ ಮನೆಗಳ ಪ್ರೀತಿಯು ಅಡ್ಡ ಬರುವದು. "ಪಾಪ, ಕೊಯ್ದ ಕಾಲು, ಮಲಗಿಕೊಳ್ಳಲಿ" ಎಂದು ಮಗನು ಮಂಚ ಹಾಕಿಸುವನು. ಸೊಸೆಯು ಊಟ-ನೀರನ್ನು ಮಂಚಕ್ಕೇ ತರುವಳು. ನೆರೆಯವರು ಬಂದು ಮೊಣಕಾಲಿನ ಕೆಳಗೆ ತಲೆದಿಂಬು ಇಡುವರು. ಆ ದಿಂಬಿನಿಂದ ಆ ಹೊತ್ತಿಗೆ ಸುಖವೆನಿಸಿದರೂ ಕಾಲು ಬಾಗಿದ ಸ್ಥಿತಿಯಲ್ಲಿಯೇ ಬಿಗಿದು, ಮುಂದೆ ನೆಟ್ಟಗಾಗದೆ ಹೋಗುವದು. ದಿಂಬು ಇಡುವದೇ ಆದರೆ ಹಿಮ್ಮಡಿಯ ಕೆಳಗೆ ಇಡಬೇಕು. ಮಡಚಿದಾಗ ನೋವಾಗುವದೆಂದು ಮಡಚದೆ ಬಿಟ್ಟ ಕಾಲಿನೊಳಗೆ ಗಾಯದ ಎಳೆಗಳು ಗಟ್ಟಿಯಾಗುವವು. ಆಮೇಲೆ ಅರಿವಳಿಕೆ ಕೊಟ್ಟು ಬಲವಂತದಿಂದ ಮಡಚಬೇಕಾದ ಪ್ರಸಂಗ ಬರುವದು. ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮೊದಲು ಕೊಟ್ಟು, ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಮಾಡಿಸುವದೇ ನಿಜವಾದ ಶುಶ್ರೂಷೆ. ಈ ಮೂರು ತಿಂಗಳಲ್ಲಿ ತಾಯಿಯನ್ನು ಎಬ್ಬಿಸುವ ಕೈಯೇ ಪ್ರೀತಿಯ ಕೈ, ಮಲಗಿಸುವ ಕೈಯಲ್ಲ.

ಕೆಲವು ಅಪಾಯಗಳನ್ನಂತೂ ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಗಾಯದಿಂದ ಕೀವು ಅಥವಾ ನೀರು ಸೋರುವದು, ಕೆಂಪು ಹರಡುವದು, ಜ್ವರ ಬರುವದು ಇವು ನಂಜಿನ ಲಕ್ಷಣ. ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಆಗುವದುಂಟು. ಸಕ್ಕರೆ ರೋಗ ಹತೋಟಿಯಲ್ಲಿಲ್ಲದವರಿಗೆ ಭಯ ಹೆಚ್ಚು. ಮೀನಖಂಡ ಬಾತು ನೋಯುವದು, ಒಮ್ಮೆಲೆ ಎದೆನೋವು ಅಥವಾ ಉಬ್ಬಸ ಬರುವದು ಇವು ರಕ್ತ ಹೆಪ್ಪುಗಟ್ಟಿದ್ದರ ಸೂಚನೆಯಾಗಿರಬಹುದು. ಇಂಥ ಸಮಯದಲ್ಲಿ ಗಾಯಕ್ಕೆ ಸೊಪ್ಪಿನ ರಸ ಹಚ್ಚುವದು, ಬಾತ ಕಾಲನ್ನು ಎಣ್ಣೆ ಹಾಕಿ ತಿಕ್ಕಿಸುವದು ಪ್ರಾಣಕ್ಕೇ ಎರವಾದೀತು. ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧವನ್ನು ವೈದ್ಯರು ಹೇಳಿದ ದಿನದವರೆಗೆ ಬಿಡಲಾಗದು.

ಇನ್ನು ಫಲದ ವಿಷಯ. ಶಸ್ತ್ರಕ್ರಿಯೆಯಿಂದ ಇಪ್ಪತ್ತರ ಕಾಲು ಮರಳುವದಿಲ್ಲ. ರಾತ್ರಿ ನಿದ್ದೆಗೆಡಿಸುತ್ತಿದ್ದ ನೋವು ಬಹಳಷ್ಟು ಹೋಗುವದು. ಸಂತೆಗೆ, ಗುಡಿಗೆ, ಮಗಳ ಮನೆಗೆ ನಡೆದು ಹೋಗುವ ಶಕ್ತಿ ಬರುವದು. ಶಸ್ತ್ರಕ್ರಿಯೆಗಳ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯಂತೆ ನೂರರಲ್ಲಿ ಸುಮಾರು 82 ಕೀಲುಗಳು 25 ವರ್ಷ ಬಾಳಿದವು. ಆದರೆ ಪಾಶ್ಚಾತ್ಯ ದೇಶಗಳಲ್ಲಿಯೂ ಐವರಲ್ಲಿ ಸುಮಾರು ಒಬ್ಬರು ತಮಗೆ ಪೂರ್ಣ ತೃಪ್ತಿಯಾಗಲಿಲ್ಲವೆಂದೇ ಹೇಳುತ್ತಾರೆ. ನಮ್ಮ ಬದುಕಿಗೆ ಇನ್ನೊಂದು ತೊಡಕುಂಟು. ಆ ದೇಶಗಳ ಜೀವನ ಕುರ್ಚಿಯ ಮೇಲೆ ನಡೆಯುವದು. ನಮ್ಮದು ನೆಲದ ಮೇಲೆ. ರೊಟ್ಟಿ ಬಡಿಯುವದು, ಊಟ, ಪೂಜೆ, ನಮಾಜು, ಬಹಿರ್ದೆಸೆ ಎಲ್ಲವೂ ಮೊಣಕಾಲು ಮಡಚಿಯೇ. ಕುಕ್ಕರಗಾಲಿಗೆ 130 ಡಿಗ್ರಿಗೂ ಮಿಕ್ಕ ಮಡಚು ಬೇಕು. ಹೊಸ ಕೀಲು ಸಾಮಾನ್ಯವಾಗಿ 110-120ರ ಸುಮಾರಿಗೆ ನಿಲ್ಲುವದು. ಆದಕಾರಣ ಮನೆಯು ತಾಯಿಗೆ ಹೊಂದಿಕೊಳ್ಳಬೇಕು. ಒಲೆ ಕಟ್ಟೆಯ ಮೇಲೇರಬೇಕು. ಪಾಯಖಾನೆಯಲ್ಲಿ ಕುರ್ಚಿಯಂತಹ ಕಮೋಡು ಬೇಕು, ಗೋಡೆಗೆ ಹಿಡಿಕೆ ಬೇಕು. ಮೊದಲ ತಿಂಗಳುಗಳಲ್ಲಿ ಎತ್ತರದ ಹೊಸ್ತಿಲಿನ ಬಳಿ ಒಬ್ಬರ ಆಸರೆ ಬೇಕು. ಈ ಏರ್ಪಾಡುಗಳನ್ನು ಶಸ್ತ್ರಕ್ರಿಯೆಗೆ ಹೋಗುವ ಮೊದಲೇ ಮಾಡಿಟ್ಟರೆ ಉತ್ತಮ. ಕಾಲು ಬಂದಿತೆಂದು ಆಕೆಯನ್ನು ಮತ್ತೆ ಕಸ ತೆಗೆಯಲು ಹೊಲಕ್ಕೆ ಕಳಿಸುವದು ಖಂಡಿತ ಸಲ್ಲದು. ಹಾಗೆ ಕಳಿಸಿದರೆ ಕೀಲು ಕೂಡಿಸಿದ್ದು ಆಕೆಯ ಸುಖಕ್ಕಲ್ಲ, ದುಡಿಸುವದಕ್ಕೆ ಎಂದಂತಾಗುವದು.

ಮನೆಯವರ ಕರ್ತವ್ಯ ಹೀಗಾದರೆ ಸರಕಾರದ ಕರ್ತವ್ಯವೂ ಉಂಟು. ಯಾದಗಿರಿಯು 2009ರ ಕೊನೆಗೆ ಜಿಲ್ಲೆಯಾಯಿತು, ಗುರುಮಠಕಲ್ಲು ತಾಲೂಕಾಯಿತು, ಜಿಲ್ಲಾ ಸ್ಥಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆಯಿತು. 371ಜೆ ಕಲಮಿನ ಮೇರೆಗೆ ಈ ಪ್ರದೇಶಕ್ಕೆಂದೇ ಮಂಡಳಿಯೂ ನಿಧಿಯೂ ಇರುವವು. ಕಟ್ಟಡಗಳಿಗೆ ಕೋಟಿಗಳನ್ನು ಎಣಿಸುವವರಿಗೆ ಪ್ರತಿ ತಾಲೂಕಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಸುತ್ತುವ ಒಬ್ಬ ವ್ಯಾಯಾಮ ಚಿಕಿತ್ಸಕನ ಸಂಬಳ ಹೊರೆಯಾಗಲಾರದು. ಮೊದಲ ಆರು ವಾರ ವಾರಕ್ಕೆರಡು ಸಲ ಅವನು ಮನೆಗೆ ಬಂದರೆ, ನಡುವಿನ ದಿನಗಳಲ್ಲಿ ತರಬೇತಿ ಪಡೆದ ಆಶಾ ಕಾರ್ಯಕರ್ತೆಯು ವಿಚಾರಿಸಿಕೊಂಡರೆ, ಬಿಗಿಯುವ ಎಷ್ಟೋ ಕಾಲುಗಳು ಬಿಗಿಯದೆ ಉಳಿಯುವವು. ಆಸ್ಪತ್ರೆಯ ಬಿಡುಗಡೆಯ ಚೀಟಿಯು ಇಂಗ್ಲಿಷಿನಲ್ಲಿದ್ದರೆ ಅದನ್ನು ಓದುವವರಾರು? ಯಾವ ವ್ಯಾಯಾಮ, ಎಷ್ಟು ಸಲ, ಯಾವ ಲಕ್ಷಣ ಕಂಡರೆ ಹಿಂದಿರುಗಬೇಕು ಎಂಬುದು ಚಿತ್ರಸಹಿತವಾಗಿ ಕನ್ನಡದಲ್ಲಿ ಅಚ್ಚಾಗಿ ರೋಗಿಯ ಕೈಗೆ ಬರಬೇಕು. ಗಡಿಯಾಚೆಯ ಆಸ್ಪತ್ರೆಗೆ ಹೋಗುವವರಿಗಾಗಿ ನಮ್ಮ ಜಿಲ್ಲಾ ಆರೋಗ್ಯ ಇಲಾಖೆಯೇ ಅದನ್ನು ಅಚ್ಚುಹಾಕಿಸಿ ಮೊದಲೇ ಕೊಡಬಹುದು. ಇದು ದೊಡ್ಡ ಬೇಡಿಕೆಯಲ್ಲ.

ಸಂಕ್ರಾಂತಿಗೆ ಮೈಲಾಪುರದ ಗುಡ್ಡವೇರಿ ಮಲ್ಲಯ್ಯನ ದರ್ಶನ ಮಾಡಬೇಕೆಂಬುದು ಈ ಸೀಮೆಯ ಎಷ್ಟೋ ಮುದುಕಿಯರ ಆಸೆ. ಶಸ್ತ್ರವೈದ್ಯನು ಒಂದೆರಡು ತಾಸಿನಲ್ಲಿ ತನ್ನ ಕೆಲಸ ಮುಗಿಸುವನು. ಉಳಿದ ತೊಂಬತ್ತು ದಿನಗಳ ಕೆಲಸ ಮನೆಯವರದು ಮತ್ತು ಸರಕಾರದ್ದು. ಇಬ್ಬರೂ ತಮ್ಮ ಪಾಲಿನದನ್ನು ಮಾಡಿದರೆ ಆ ಮೆಟ್ಟಿಲುಗಳು ಅವರಿಗೆ ದೂರವಲ್ಲ.